ಅಮೆರಿಕದ ಸಂವಿಧಾನ: ಹುಟ್ಟಿದ್ದು ಹೇಗೆ, ನಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮ, ಅಲ್ಲೇ ನೆಲೆಸಿದವರು, ಚುನಾವಣೆ ಬಂದಾಗ ಮಾತ್ರ ಅಲ್ಲಿನ ಸುದ್ದಿ ಓದುವವರು ಹೀಗೆ ಬೇರೆ ಬೇರೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಂವಿಧಾನವನ್ನು ಮಹಾಪುರುಷರು ಕೂತು ಬರೆದ ಧರ್ಮಗ್ರಂಥ ಅಂದುಕೊಂಡು ಓದಿದರೆ ಅದರ ಅರ್ಧ ತಲೆಗೆ ಹತ್ತುವುದಿಲ್ಲ. ಒಬ್ಬರನ್ನೊಬ್ಬರು ಪೂರ್ತಿ ನಂಬದ ಜನ ಒಂದು ಬೇಸಿಗೆಯಿಡೀ ಚೌಕಾಸಿ ಮಾಡಿ ಬರೆದುಕೊಂಡ ಕರಾರು ಅಂತ ಓದಿ. ಅದರಲ್ಲಿರುವ ವಿಚಿತ್ರಗಳಿಗೆಲ್ಲ ಆಗ ಕಾರಣ ಸಿಗುತ್ತದೆ.

ಸ್ವಾತಂತ್ರ್ಯ ಘೋಷಣೆ, ಸಂವಿಧಾನ ಎರಡೂ ಒಂದೇ ಅಲ್ವಾ?

ಅಲ್ಲ. ಎರಡರ ನಡುವೆ 11 ವರ್ಷದ ಅಂತರವಿದೆ. 1776ರ ಜುಲೈ 4ರದು ಸ್ವಾತಂತ್ರ್ಯ ಘೋಷಣೆ. ಬ್ರಿಟಿಷ್ ದೊರೆಯ ಸಹವಾಸ ಸಾಕು ಅಂತ 13 ವಸಾಹತುಗಳು ಜಗತ್ತಿಗೆ ಹೇಳಿದ ಮಾತು ಅದು. ಅದನ್ನು ಮುಖ್ಯವಾಗಿ ಬರೆದವರು ಥಾಮಸ್ ಜೆಫರ್ಸನ್. ಸರ್ಕಾರ ಹೇಗೆ ನಡೆಯಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಸಂವಿಧಾನಕ್ಕೆ ಸಹಿ ಬಿದ್ದದ್ದು 1787ರ ಸೆಪ್ಟೆಂಬರ್ 17ರಂದು. ಆಗ ಜೆಫರ್ಸನ್ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದರು, ಜಾನ್ ಆಡಮ್ಸ್ ಲಂಡನ್‌ನಲ್ಲಿದ್ದರು. ಎರಡಕ್ಕೂ ಸಹಿ ಹಾಕಿದವರು ಆರೇ ಜನ.

ನಡುವಿನ ಆ 11 ವರ್ಷ ದೇಶ ಹೇಗೆ ನಡೆಯಿತು?

ಕಷ್ಟದಿಂದ ನಡೆಯಿತು. 1781ರಲ್ಲಿ ಜಾರಿಗೆ ಬಂದ ಇನ್ನೊಂದು ಒಪ್ಪಂದ ಇತ್ತು. ಅದರಲ್ಲಿ ಕಾಂಗ್ರೆಸ್ ಅಂತ ಒಂದೇ ಸಭೆ. ರಾಜ್ಯಕ್ಕೊಂದು ಮತ. ಅಧ್ಯಕ್ಷರ ಸರ್ಕಾರ ಇಲ್ಲ, ರಾಷ್ಟ್ರಮಟ್ಟದ ಕೋರ್ಟುಗಳಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಊರ ಜಾತ್ರೆಗೆ ವಂತಿಗೆ ಎತ್ತುವವರ ಹಾಗೆ ಕಾಂಗ್ರೆಸ್ ರಾಜ್ಯಗಳ ಮುಂದೆ ಕೈ ಚಾಚಬೇಕಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮದು ಸರಕಿನ ಮೇಲೆ ಶೇಕಡಾ 5ರ ಸುಂಕ ಹಾಕೋಣ ಅಂತ ಕಾಂಗ್ರೆಸ್ ಕೇಳಿತು. ಒಪ್ಪಂದ ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. 1782ರಲ್ಲಿ ರೋಡ್ ಐಲೆಂಡ್ ಅನ್ನುವ ಪುಟ್ಟ ರಾಜ್ಯ ಆಗಲ್ಲ ಅಂತ ಪಟ್ಟು ಹಿಡಿಯಿತು. ಅಲ್ಲಿಗೆ ಮುಗಿಯಿತು.

ಯುದ್ಧ ಮಾಡಿದ ಸೈನಿಕರಿಗೆ ಸಂಬಳ ಬಾಕಿ. 1783ರ ಜೂನ್‌ನಲ್ಲಿ ಸುಮಾರು 400 ಸೈನಿಕರು ಬಂದೂಕು ಹಿಡಿದು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಕಟ್ಟಡವನ್ನು ಸುತ್ತುವರಿದರು. ಕಾಂಗ್ರೆಸ್ ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋದರು. ನಾಲ್ಕು ವರ್ಷದ ನಂತರ ಸಂವಿಧಾನ ಬರೆಯಲು ಸೇರಿದ್ದು ಇದೇ ಕಟ್ಟಡದಲ್ಲಿ.

ಹೊಸ ಸಂವಿಧಾನ ಬೇಕು ಅಂತ ಅನ್ನಿಸಿದ್ದು ಯಾವಾಗ?

ರೈತರು ದಂಗೆ ಎದ್ದಾಗ. ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು ಸಾಲ ಮತ್ತು ತೆರಿಗೆಯಲ್ಲಿ ಮುಳುಗಿದ್ದರು. ಬೆಳೆ ಇತ್ತು, ಕೈಯಲ್ಲಿ ನಾಣ್ಯ ಇರಲಿಲ್ಲ. ಕೋರ್ಟುಗಳು ಹೊಲ ಜಪ್ತಿ ಮಾಡತೊಡಗಿದವು. 1786ರಲ್ಲಿ ರೈತರು ಗುಂಪು ಕಟ್ಟಿಕೊಂಡು ಕೋರ್ಟಿನ ಬಾಗಿಲಿಗೇ ಅಡ್ಡ ನಿಂತರು. ಡೇನಿಯಲ್ ಶೇಸ್ ಅನ್ನುವ ಮಾಜಿ ಸೇನಾಧಿಕಾರಿ ಅವರ ಮುಂದಾಳುಗಳಲ್ಲಿ ಒಬ್ಬ. 1787ರ ಜನವರಿಯಲ್ಲಿ ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಕಡೆ ನಡೆದರು. ಫಿರಂಗಿ ಹಾರಿತು, ನಾಲ್ವರು ಸತ್ತರು, ಗುಂಪು ಚದುರಿತು. ದಂಗೆ ಅಡಗಿಸಲು ಕಾಂಗ್ರೆಸ್ ಬಳಿ ಹಣವಿರಲಿಲ್ಲ. ಬಾಸ್ಟನ್ನಿನ ವ್ಯಾಪಾರಿಗಳು ಜೇಬಿನಿಂದ ಹಣ ಹಾಕಿ ಸೇನೆ ಕಟ್ಟಿಸಿದರು. ಆಸ್ತಿವಂತರಿಗೆ ನಿದ್ದೆ ಕೆಟ್ಟದ್ದು ಆಗ. ನಿವೃತ್ತಿ ಜೀವನದಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಫಿಲಡೆಲ್ಫಿಯಾಗೆ ಹೊರಡಲು ಒಪ್ಪಿದ್ದರ ಹಿಂದೆಯೂ ಈ ದಿಗಿಲು ಇತ್ತು.

ಫಿಲಡೆಲ್ಫಿಯಾದಲ್ಲಿ ಸೇರಿದವರು ಯಾರು?

12 ರಾಜ್ಯಗಳ 55 ಜನ. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. 1787ರ ಮೇ 14ಕ್ಕೆ ಸಭೆ ಅಂತ ಗೊತ್ತಾಗಿದ್ದರೂ ಸಾಕಷ್ಟು ಜನ ಬಂದು ಸೇರುವಾಗ ಮೇ 25 ಆಯಿತು. ಅಧ್ಯಕ್ಷತೆ ವಾಷಿಂಗ್ಟನ್ ಅವರದು. ಹಿರಿಯರು ಬೆಂಜಮಿನ್ ಫ್ರಾಂಕ್ಲಿನ್, ವಯಸ್ಸು 81. ಕಿರಿಯ ಸದಸ್ಯನಿಗೆ 26. ಅರ್ಧಕ್ಕಿಂತ ಜಾಸ್ತಿ ಜನ ಕಾನೂನು ಓದಿದವರು. ಹೆಂಗಸರು ಇಲ್ಲ, ಕಪ್ಪು ಜನ ಇಲ್ಲ, ಮೂಲನಿವಾಸಿಗಳು ಇಲ್ಲ. ಕೋರ್ಟಿನ ಮುಂದೆ ನಿಂತಿದ್ದಂಥ ಸಾಲಗಾರ ರೈತರಂತೂ ಇಲ್ಲವೇ ಇಲ್ಲ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಮಾತ್ರ ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು ಬಂದಿದ್ದರು. ಹಳೆಯ ಒಕ್ಕೂಟಗಳು ಯಾಕೆ ಮುರಿದುಬಿದ್ದವು ಅಂತ ಟಿಪ್ಪಣಿ ಮಾಡಿಕೊಂಡು, ಎಲ್ಲರಿಗಿಂತ ಮೊದಲು ಬಂದವರಲ್ಲಿ ಅವರೊಬ್ಬರು.

ಸಭೆಯನ್ನು ಗುಟ್ಟಾಗಿ ನಡೆಸಿದರಂತೆ, ಯಾಕೆ?

ಹೊರಗೆ ಸುದ್ದಿ ಹೋದರೆ ಯಾರೂ ಮನಸ್ಸು ಬದಲಿಸಲು ಆಗುವುದಿಲ್ಲ ಅನ್ನುವುದು ಲೆಕ್ಕ. ಇವತ್ತು ಒಂದು ಮಾತಾಡಿ ನಾಳೆ ಬೇರೆ ಮಾತಾಡಿದರೆ ಪತ್ರಿಕೆಗಳು ಬಿಡುತ್ತವಾ? ಹಾಗಾಗಿ ಬಾಗಿಲಿಗೆ ಕಾವಲು ಹಾಕಿ, ಒಳಗಿನ ಮಾತು ಹೊರಗೆ ಹೋಗಬಾರದು ಅಂತ ನಿಯಮ ಮಾಡಿದರು.

ಜಾರ್ಜಿಯಾದ ಪ್ರತಿನಿಧಿ ವಿಲಿಯಂ ಪಿಯರ್ಸ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಚರ್ಚೆಯಲ್ಲಿದ್ದ ಪ್ರಸ್ತಾವಗಳ ಒಂದು ಪ್ರತಿಯನ್ನು ಯಾರೋ ಕೆಳಗೆ ಬೀಳಿಸಿಬಿಟ್ಟರು. ಇನ್ನೊಬ್ಬ ಸದಸ್ಯ ಅದನ್ನು ಎತ್ತಿ ವಾಷಿಂಗ್ಟನ್ ಕೈಗೆ ಕೊಟ್ಟರು. ಅವರು ಜೇಬಿಗಿಟ್ಟುಕೊಂಡು ದಿನವಿಡೀ ಸುಮ್ಮನಿದ್ದರು. ಕಲಾಪ ಮುಗಿದಾಗ ಎದ್ದು ನಿಂತು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡರು. ಕಾಗದವನ್ನು ಮೇಜಿನ ಮೇಲೆ ಎಸೆದು, ಯಾರದೋ ಅವರು ತೆಗೆದುಕೊಳ್ಳಲಿ ಅಂತ ಹೇಳಿ, ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಪಿಯರ್ಸ್ ಜೇಬು ತಡಕಿಕೊಂಡರೆ ಅವರ ಪ್ರತಿ ಇಲ್ಲ! ಎದೆ ಹೊಡೆದುಕೊಳ್ಳುತ್ತಾ ಮೇಜಿನ ಹತ್ತಿರ ಹೋಗಿ ನೋಡಿದರು. ಕೈಬರಹ ಬೇರೆಯವರದು. ವಸತಿಗೆ ಹೋಗಿ ಹುಡುಕಿದರೆ ತಮ್ಮ ಪ್ರತಿ ಇನ್ನೊಂದು ಕೋಟಿನ ಜೇಬಿನಲ್ಲಿತ್ತು. ಮೇಜಿನ ಮೇಲಿದ್ದ ಕಾಗದ ತನ್ನದು ಅಂತ ಕಡೆಗೂ ಯಾರೂ ಬಾಯಿ ಬಿಡಲಿಲ್ಲ.

ಒಳಗೆ ನಡೆದದ್ದು ನಮಗೆ ಇಷ್ಟು ವಿವರವಾಗಿ ಗೊತ್ತಿರುವುದು ಮ್ಯಾಡಿಸನ್ ದಿನ ದಿನ ಬರೆದಿಟ್ಟ ಟಿಪ್ಪಣಿಗಳಿಂದ. ಅವು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ.

ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಇಬ್ಬಿಬ್ಬರೇ ಸೆನೆಟರ್ ಯಾಕೆ?

ಸಭೆ ಇನ್ನೇನು ಮುರಿದುಬೀಳುತ್ತದೆ ಅನ್ನುವ ಹಂತಕ್ಕೆ ಹೋದದ್ದು ಇದೇ ವಿಷಯಕ್ಕೆ. ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಎರಡೂ ಸದನಗಳಲ್ಲಿ ಜನಸಂಖ್ಯೆ ನೋಡಿ ಸ್ಥಾನ ಕೊಡಿ ಅಂದವು. ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್, ಮೊದಲಿನ ಹಾಗೆ ರಾಜ್ಯಕ್ಕೊಂದೇ ಮತ ಇರಲಿ ಅಂದರು. ಡೆಲವೇರ್‌ನ ಗನಿಂಗ್ ಬೆಡ್‌ಫರ್ಡ್ ಅಂತೂ, ನೀವು ಹೀಗೇ ಮಾಡಿದರೆ ಸಣ್ಣ ರಾಜ್ಯಗಳು ಕೈಹಿಡಿಯುವ ವಿದೇಶಿ ಮಿತ್ರರನ್ನು ಹುಡುಕಿಕೊಳ್ಳುತ್ತವೆ ಅಂತ ಬೆದರಿಕೆ ಹಾಕಿದರು. ಸ್ವಾತಂತ್ರ್ಯ ಬಂದು ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಆಗಲೇ ಈ ಮಾತು.

ಕನೆಕ್ಟಿಕಟ್‌ನ ರೋಜರ್ ಶರ್ಮನ್ ಮತ್ತು ಅವರ ಜೊತೆಗಾರರು ನಡುದಾರಿ ತೋರಿಸಿದರು. ಕೆಳಮನೆ, ಅಂದರೆ ಪ್ರತಿನಿಧಿ ಸಭೆ, ಜನಸಂಖ್ಯೆಗೆ ತಕ್ಕಂತೆ; ಮೇಲ್ಮನೆ, ಅಂದರೆ ಸೆನೆಟ್, ರಾಜ್ಯಗಳಿಗೆ ಸಮಸಮ. ಜುಲೈ 16ರಂದು ಮತಕ್ಕೆ ಹಾಕಿದಾಗ ಐದು ರಾಜ್ಯ ಪರ, ನಾಲ್ಕು ವಿರುದ್ಧ. ಮ್ಯಾಸಚೂಸೆಟ್ಸ್‌ನ ಸದಸ್ಯರು ಅರ್ಧಕ್ಕರ್ಧ ಒಡೆದುಹೋದರು. ಅಷ್ಟು ಸಣ್ಣ ಅಂತರದಲ್ಲಿ ಪಾಸಾಯಿತು. ಮ್ಯಾಡಿಸನ್‌ಗೆ ಇದು ಕಡೆಯವರೆಗೂ ಹಿಡಿಸಲಿಲ್ಲ. ತತ್ವದಿಂದ ಹುಟ್ಟಿದ್ದಲ್ಲ ಇದು, ಬೇರೆ ದಾರಿ ಇಲ್ಲದೆ ಹುಟ್ಟಿದ್ದು ಅನ್ನುವುದು ನನ್ನ ಓದು.

ಫಲ ಈಗ ಹೇಗಿದೆ ನೋಡಿ. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನಸಂಖ್ಯೆ ಸುಮಾರು 3.95 ಕೋಟಿ, ವಯೋಮಿಂಗ್‌ನದು ಆರು ಲಕ್ಷವೂ ಇಲ್ಲ. ಇಬ್ಬರಿಗೂ ಎರಡೆರಡೇ ಸೆನೆಟರ್. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಸಿಕ್ಕಿಂಗೆ ಒಂದು. ಅಂಥ ಲೆಕ್ಕ ಅಲ್ಲಿಲ್ಲ. ಸುಲಭವಾಗಿ ತಿದ್ದಲೂ ಆಗುವುದಿಲ್ಲ. ಯಾವ ರಾಜ್ಯದ ಸಮಪಾಲನ್ನೂ ಅದರ ಒಪ್ಪಿಗೆ ಇಲ್ಲದೆ ಕಿತ್ತುಕೊಳ್ಳುವ ಹಾಗಿಲ್ಲ ಅಂತ ಸಂವಿಧಾನದಲ್ಲೇ ಬರೆದಿದೆ.

ಗುಲಾಮಗಿರಿಯನ್ನು ಸಂವಿಧಾನ ಒಪ್ಪಿಕೊಂಡಿತ್ತಾ?

ಒಪ್ಪಿಕೊಂಡಿತ್ತು, ಬಾಯಿಬಿಟ್ಟು ಹೇಳದೆ. 1787ರ ಮೂಲ ಪಠ್ಯದಲ್ಲಿ ಗುಲಾಮ ಅನ್ನುವ ಪದವೇ ಇಲ್ಲ. 'ಇತರ ವ್ಯಕ್ತಿಗಳು' ಅಂತ ಸುತ್ತುಬಳಸಿ ಬರೆದರು. ಆ ಪದ ಸಂವಿಧಾನಕ್ಕೆ ಬಂದದ್ದು 1865ರ 13ನೇ ತಿದ್ದುಪಡಿಯಲ್ಲಿ, ಗುಲಾಮಗಿರಿಯನ್ನು ರದ್ದು ಮಾಡುವಾಗ.

1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಿದ್ದರು. ಅವರಲ್ಲಿ ಹತ್ತಿರ ಹತ್ತಿರ ಏಳು ಲಕ್ಷ ಜನ ಗುಲಾಮರು. ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಇವರನ್ನು ಎಣಿಸಬೇಕೋ ಬೇಡವೋ? ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಪೂರ್ತಿ ಎಣಿಸಿ ಅಂದವರು ಗುಲಾಮರ ಒಡೆಯರಾದ ದಕ್ಷಿಣದವರು. ಗುಲಾಮರಿಗೆ ಮತ ಕೊಡುವುದಕ್ಕಲ್ಲ, ಅವರ ತಲೆ ಲೆಕ್ಕದಲ್ಲಿ ತಮಗೆ ಜಾಸ್ತಿ ಸ್ಥಾನ ಬರಲಿ ಅಂತ. ಎಣಿಸಬೇಡಿ ಅಂದವರು ಉತ್ತರದವರು. ಐದು ಜನ ಗುಲಾಮರಿಗೆ ಮೂರು ಜನ ಅಂತ ಲೆಕ್ಕ ಹಿಡಿದು ರಾಜಿಯಾದರು. ಜೊತೆಗೆ ಇನ್ನೆರಡು ರಾಜಿ. 1808ರವರೆಗೆ ಗುಲಾಮರ ಆಮದನ್ನು ಕಾಂಗ್ರೆಸ್ ನಿಲ್ಲಿಸುವಂತಿಲ್ಲ. ಬೇರೆ ರಾಜ್ಯಕ್ಕೆ ತಪ್ಪಿಸಿಕೊಂಡು ಹೋದವರನ್ನು ಒಡೆಯನಿಗೆ ಒಪ್ಪಿಸಬೇಕು.

ಸಭೆಯಲ್ಲಿ ಇದು ಪಾಪ ಅಂದವರೇ ಇರಲಿಲ್ಲ ಅಂತಲ್ಲ. ಪೆನ್ಸಿಲ್ವೇನಿಯಾದ ಗುವರ್ನರ್ ಮಾರಿಸ್ (ಗುವರ್ನರ್ ಅನ್ನುವುದು ಅವರ ಹೆಸರು, ಹುದ್ದೆಯಲ್ಲ) ಕಟುವಾಗಿಯೇ ಮಾತಾಡಿದರು. ಆದರೆ ಸೌತ್ ಕೆರೊಲಿನಾ, ಜಾರ್ಜಿಯಾ ಎದ್ದುಹೋದರೆ ಅನ್ನುವ ಭಯಕ್ಕೆ ಉಳಿದವರು ಸುಮ್ಮನಾದರು. ಮೂರೈದರ ಲೆಕ್ಕ ದಕ್ಷಿಣಕ್ಕೆ ಬಲ ಕೊಟ್ಟಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದವರೇ, ನಾಲ್ವರೂ ಗುಲಾಮರನ್ನು ಇಟ್ಟುಕೊಂಡಿದ್ದವರೇ. ಈ ಗಂಟು ಬಿಡಿಸಲು ಕೊನೆಗೆ ನಾಲ್ಕು ವರ್ಷದ ಅಂತರ್ಯುದ್ಧವೇ ಬೇಕಾಯಿತು.

'ಅಧಿಕಾರ ವಿಭಜನೆ' ಅಂದರೆ ಏನು? ಸರಳವಾಗಿ ಹೇಳಿ.

ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ. ಕಾನೂನು ಮಾಡುವುದು ಕಾಂಗ್ರೆಸ್, ಜಾರಿ ಮಾಡುವುದು ಅಧ್ಯಕ್ಷ, ವ್ಯಾಜ್ಯ ತೀರ್ಮಾನಿಸುವುದು ಕೋರ್ಟು. ಇಷ್ಟು ಎಲ್ಲರೂ ಹೇಳುತ್ತಾರೆ. ಜಾಣತನ ಇರುವುದು ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಲು ಬಿಟ್ಟಿರುವ ಕಿಂಡಿಗಳಲ್ಲಿ. ಕಾಂಗ್ರೆಸ್ ಪಾಸು ಮಾಡಿದ ಮಸೂದೆಯನ್ನು ಅಧ್ಯಕ್ಷ ವಿಟೋ ಮಾಡಬಹುದು. ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಬೆಂಬಲ ಬಂದರೆ ವಿಟೋ ಬಿದ್ದುಹೋಗುತ್ತದೆ. ಅಧ್ಯಕ್ಷ ಸೇನೆಯ ದಂಡನಾಯಕ. ಆದರೆ ಯುದ್ಧ ಘೋಷಿಸುವುದು, ಅದಕ್ಕೆ ಹಣ ಕೊಡುವುದು ಕಾಂಗ್ರೆಸ್. ನ್ಯಾಯಾಧೀಶರ ಹೆಸರು ಹೇಳುವುದು ಅಧ್ಯಕ್ಷ, ಒಪ್ಪಬೇಕಾದದ್ದು ಸೆನೆಟ್. ಒಮ್ಮೆ ಕೂತರೆ ಆ ನ್ಯಾಯಾಧೀಶರನ್ನು ಸುಮ್ಮಸುಮ್ಮನೆ ಎಬ್ಬಿಸುವಂತಿಲ್ಲ.

ನಮ್ಮಲ್ಲಿ ಮಂತ್ರಿ ಆಗಬೇಕಾದರೆ ಸಂಸತ್ತಿನ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳಲ್ಲಿ ಆಗಬೇಕು. ಅಲ್ಲಿ ಉಲ್ಟಾ. ಕಾಂಗ್ರೆಸ್ ಸದಸ್ಯರು ಮಂತ್ರಿಯಾಗಬೇಕಾದರೆ ಸ್ಥಾನಕ್ಕೆ ರಾಜೀನಾಮೆ ಕೊಟ್ಟೇ ಹೋಗಬೇಕು. ಅವಿಶ್ವಾಸ ಮಂಡಿಸಿ ಸರ್ಕಾರ ಬೀಳಿಸುವ ದಾರಿ ಇಲ್ಲ. ಅದರ ಬದಲು ವಾಗ್ದಂಡನೆ ಇದೆ. ಆರೋಪ ಹೊರಿಸುವುದು ಪ್ರತಿನಿಧಿ ಸಭೆ, ವಿಚಾರಣೆ ಮಾಡುವುದು ಸೆನೆಟ್. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1998ರಲ್ಲಿ ಬಿಲ್ ಕ್ಲಿಂಟನ್, 2019 ಮತ್ತು 2021ರಲ್ಲಿ ಡೊನಾಲ್ಡ್ ಟ್ರಂಪ್ ಇದನ್ನು ಎದುರಿಸಿದರು. ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಯಾವ ಸಲವೂ ಕೂಡಿಬರಲಿಲ್ಲ.

ಅಂದಹಾಗೆ, ಅಧ್ಯಕ್ಷ ಬದುಕಿರುವವರೆಗೂ ಹುದ್ದೆಯಲ್ಲಿರಲಿ ಅಂತ ಸಲಹೆ ಕೊಟ್ಟವರೂ ಆ ಸಭೆಯಲ್ಲಿದ್ದರು. ಜೂನ್ 18ರಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಇದನ್ನು ಹೇಳುತ್ತಾ ಗಂಟೆಗಟ್ಟಲೆ ಮಾತಾಡಿದರು. ಕೇಳಿದರು, ಬಿಟ್ಟರು.

ಜನ ಜಾಸ್ತಿ ಮತ ಹಾಕಿದರೂ ಅಭ್ಯರ್ಥಿ ಸೋಲುವುದು ಹೇಗೆ?

ಎಲೆಕ್ಟೋರಲ್ ಕಾಲೇಜ್‌ನಿಂದ. ಅಧ್ಯಕ್ಷನನ್ನು ಯಾರು ಆರಿಸಬೇಕು ಅನ್ನುವುದಕ್ಕೆ ಇಡೀ ಬೇಸಿಗೆ ಜಗ್ಗಾಡಿದರು. ಕಾಂಗ್ರೆಸ್ ಆರಿಸಿದರೆ ಅದರ ಕೈಗೊಂಬೆ ಆಗುತ್ತಾನೆ. ಜನ ನೇರವಾಗಿ ಆರಿಸಿದರೆ ದೂರದ ರಾಜ್ಯದವನ ಗುಣ ಅವರಿಗೆ ಹೇಗೆ ಗೊತ್ತಾಗಬೇಕು ಅಂತ ಒಬ್ಬರು. ಗುಲಾಮರಿಗೆ ಮತ ಇಲ್ಲದ್ದರಿಂದ ನೇರ ಚುನಾವಣೆಯಲ್ಲಿ ದಕ್ಷಿಣಕ್ಕೆ ಲುಕ್ಸಾನು ಅನ್ನುವ ಅಳುಕು ಇನ್ನೊಂದು ಕಡೆ. ಇದನ್ನು ಮ್ಯಾಡಿಸನ್ ಸಭೆಯಲ್ಲೇ ಹೇಳಿದರು. ಸೆಪ್ಟೆಂಬರ್ ಹೊತ್ತಿಗೆ ಎಲ್ಲರೂ ಸುಸ್ತಾಗಿದ್ದರು. ಒಂದು ಸಮಿತಿ ಈ ಸೂತ್ರ ತಂದಿತು. ಪ್ರತಿ ರಾಜ್ಯಕ್ಕೆ ಅದರ ಪ್ರತಿನಿಧಿ ಸಭೆಯ ಸ್ಥಾನ ಮತ್ತು ಇಬ್ಬರು ಸೆನೆಟರ್ ಸೇರಿಸಿದರೆ ಎಷ್ಟೋ ಅಷ್ಟು ಮತದಾರ ಪ್ರತಿನಿಧಿಗಳು. ಅಧ್ಯಕ್ಷನನ್ನು ಆರಿಸುವ ಇವರ ಕೂಟವೇ ಎಲೆಕ್ಟೋರಲ್ ಕಾಲೇಜ್.

ಈಗ ಒಟ್ಟು 538 ಮತ, ಗೆಲ್ಲಲು 270. ಎರಡು ರಾಜ್ಯ ಬಿಟ್ಟು ಉಳಿದೆಡೆ ಗೆದ್ದವರಿಗೆ ರಾಜ್ಯದ ಎಲ್ಲ ಮತವೂ ಹೋಗುತ್ತದೆ. 1824, 1876, 1888, 2000, 2016ರಲ್ಲಿ ಜನರ ಮತ ಕಡಿಮೆ ಬಿದ್ದವರೇ ಅಧ್ಯಕ್ಷರಾದರು.

ರಾಜ್ಯಗಳಿಗೆ ಅಷ್ಟೊಂದು ಸ್ವಾತಂತ್ರ್ಯ ಯಾಕೆ?

ಅಲ್ಲಿ ರಾಜ್ಯಗಳು ಮೊದಲು ಹುಟ್ಟಿದವು, ಕೇಂದ್ರ ಆಮೇಲೆ. ಕೇಂದ್ರಕ್ಕೆ ಪಟ್ಟಿ ಮಾಡಿ ಕೊಟ್ಟದ್ದು ಬಿಟ್ಟು ಉಳಿದದ್ದೆಲ್ಲ ರಾಜ್ಯಗಳದ್ದು ಅಥವಾ ಜನರದ್ದು ಅಂತ 10ನೇ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಉಳಿಕೆ ಅಧಿಕಾರ ಕೇಂದ್ರದ್ದು. ಅಲ್ಲಿ ಮರಣದಂಡನೆ ಒಂದು ರಾಜ್ಯದಲ್ಲಿ ಉಂಟು, ಗಡಿ ದಾಟಿದರೆ ಇಲ್ಲ. ಮಾರಾಟ ತೆರಿಗೆ, ಡ್ರೈವಿಂಗ್ ಲೈಸೆನ್ಸ್ ನಿಯಮ ಎಲ್ಲವೂ ಬೇರೆ ಬೇರೆ. ಆದರೆ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ಡಿಕ್ಕಿಯಾದರೆ, ಕೇಂದ್ರ ತನ್ನ ಮಿತಿಯೊಳಗಿದ್ದರೆ, ಕೇಂದ್ರದ್ದೇ ಮೇಲು.

ಈ ಸಂವಿಧಾನ ಜಾರಿಗೆ ಬಂದದ್ದು ನ್ಯಾಯವಾಗಿಯಾ?

ಹಳೆಯ ನಿಯಮ ಹಿಡಿದು ನೋಡಿದರೆ ಅಲ್ಲ ಅಂತಲೇ ಹೇಳಬೇಕು. ಕಾಂಗ್ರೆಸ್ ಹೇಳಿದ್ದು ಹಳೆಯ ಒಪ್ಪಂದ ತಿದ್ದಿ ಅಂತ. ಇವರು ಅದನ್ನು ಪಕ್ಕಕ್ಕಿಟ್ಟು ಹೊಸದನ್ನೇ ಬರೆದರು. ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಇವರು ಒಂಬತ್ತು ಸಾಕು ಅಂದರು. ರೋಡ್ ಐಲೆಂಡ್ ಮತ್ತೆ ಅಡ್ಡ ಬರುತ್ತದೆ ಅಂತ ಗೊತ್ತಿತ್ತಲ್ಲ! ರಾಜ್ಯಗಳ ಶಾಸನಸಭೆಗಳನ್ನು ದಾಟಿ, ಇದಕ್ಕೆಂದೇ ಜನ ಆರಿಸಿದ ಸಭೆಗಳು ಒಪ್ಪಲಿ ಅಂದರು. 'ಜನರಾದ ನಾವು' ಅನ್ನುವ ಪೀಠಿಕೆಯ ಮಾತಿಗೆ ಜೀವ ಬಂದದ್ದು ಈ ಹೆಜ್ಜೆಯಿಂದ. ಅಧಿಕಾರದ ಬೇರು ರಾಜ್ಯ ಸರ್ಕಾರಗಳಲ್ಲಿ ಇಲ್ಲ, ಜನರಲ್ಲಿದೆ ಅನ್ನುವುದು ಅದರ ಹುರುಳು.

ಒಪ್ಪಿಸುವ ಕೆಲಸ ಸಭ್ಯವಾಗೇನೂ ನಡೆಯಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ವಿರೋಧಿಗಳು ಕೋರಂ ಮುರಿಯಲು ಸಭೆಗೆ ಬಾರದೆ ಉಳಿದರು. ಬೆಂಬಲಿಗರ ಗುಂಪು ಇಬ್ಬರು ಸದಸ್ಯರನ್ನು ಅವರ ವಸತಿಯಿಂದ ಎಳೆದುತಂದು ಕುರ್ಚಿಯಲ್ಲಿ ಕೂರಿಸಿತು. ಕೋರಂ ಆಯಿತು! ನ್ಯೂಯಾರ್ಕ್‌ನಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂವರೂ ಸೇರಿ ಪಬ್ಲಿಯಸ್ ಅನ್ನುವ ಒಂದೇ ಅಂಕಿತದಲ್ಲಿ 85 ಲೇಖನ ಬರೆದರು. ಎದುರಾಳಿಗಳೂ ಬ್ರೂಟಸ್‌ನಂಥ ರೋಮನ್ ಹೆಸರುಗಳಲ್ಲಿ ಅಷ್ಟೇ ಖಾರವಾಗಿ ಬರೆದರು. ಈ ಕೇಂದ್ರ ನಿಧಾನಕ್ಕೆ ರಾಜ್ಯಗಳನ್ನು ನುಂಗುತ್ತದೆ ಅನ್ನುವ ಅವರ ಮಾತನ್ನು ಈಗ ಓದಿದರೂ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ.

1787ರ ಡಿಸೆಂಬರ್ 7ರಂದು ಡೆಲವೇರ್ ಮೊದಲು ಒಪ್ಪಿತು. ಮ್ಯಾಸಚೂಸೆಟ್ಸ್‌ನಲ್ಲಿ ಪರ 187 ಮತ, ವಿರುದ್ಧ 168. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ವರ್ಜೀನಿಯಾ 89ಕ್ಕೆ 79, ನ್ಯೂಯಾರ್ಕ್ 30ಕ್ಕೆ 27. ರೋಡ್ ಐಲೆಂಡ್ ಒಪ್ಪಿದ್ದು 1790ರ ಮೇ 29ರಂದು, 34ಕ್ಕೆ 32. ಅಷ್ಟು ಹೊತ್ತಿಗೆ ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ದಾಟಿತ್ತು.

ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ ಮೂಲ ಸಂವಿಧಾನದಲ್ಲಿ ಇರಲಿಲ್ಲವಾ?

ಇರಲಿಲ್ಲ. ಕಡೆಗಳಿಗೆಯಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ಹಕ್ಕುಗಳ ಪಟ್ಟಿ ಸೇರಿಸೋಣ ಅಂದರು. ಎಲ್ಲರಿಗೂ ಮನೆಗೆ ಹೋಗುವ ಆತುರ. ಯಾವ ರಾಜ್ಯವೂ ಬೆಂಬಲಿಸಲಿಲ್ಲ. ಮೇಸನ್ ಸಹಿ ಹಾಕದೆ ಹೋದರು. ಎಡ್ಮಂಡ್ ರಾಂಡಾಲ್ಫ್, ಎಲ್ಬ್ರಿಡ್ಜ್ ಗೆರಿ ಕೂಡ ಬೇರೆ ಬೇರೆ ಕಾರಣಕ್ಕೆ ಸಹಿ ಹಾಕಲಿಲ್ಲ. ಹಕ್ಕುಗಳ ಪಟ್ಟಿ ಬಿಟ್ಟದ್ದು ದೊಡ್ಡ ಎಡವಟ್ಟು ಅಂತ ಗೊತ್ತಾದದ್ದು ರಾಜ್ಯಗಳ ಒಪ್ಪಿಗೆ ಕೇಳಲು ಹೋದಾಗ. ಈಗ ಒಪ್ಪಿ, ಆಮೇಲೆ ಸೇರಿಸೋಣ ಅಂತ ಮಾತು ಕೊಡಬೇಕಾಯಿತು.

ಮಾತು ಉಳಿಸಿದವರು ಮ್ಯಾಡಿಸನ್. 1789ರ ಜೂನ್‌ನಲ್ಲಿ ಕಾಂಗ್ರೆಸ್ ಮುಂದೆ ಇಟ್ಟರು. ಕಾಂಗ್ರೆಸ್ 12 ತಿದ್ದುಪಡಿ ಕಳಿಸಿತು, 1791ರ ಡಿಸೆಂಬರ್ 15ಕ್ಕೆ 10 ಪಾಸಾದವು. ಮಾತು, ಪತ್ರಿಕೆ, ಧರ್ಮ, ಸಭೆ ಸೇರುವುದು, ಬಂದೂಕು, ವಾರಂಟ್ ಇಲ್ಲದ ಶೋಧನೆಯಿಂದ ರಕ್ಷಣೆ, ಜ್ಯೂರಿ ವಿಚಾರಣೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವುದು ಎಲ್ಲ ಇಲ್ಲಿಂದ ಬಂದವು. ಮೊದಲಿಗೆ ಇವು ಕೇಂದ್ರವನ್ನು ಮಾತ್ರ ಕಟ್ಟಿಹಾಕುತ್ತಿದ್ದವು. ರಾಜ್ಯಗಳಿಗೂ ಅನ್ವಯವಾದದ್ದು 1868ರ 14ನೇ ತಿದ್ದುಪಡಿಯ ನಂತರ, ಅದೂ ಕೋರ್ಟುಗಳ ಮೂಲಕ ಒಂದೊಂದಾಗಿ.

ಉಳಿದ ಎರಡರಲ್ಲಿ ಒಂದರ ಕಥೆ ಮಜವಾಗಿದೆ. ಸಂಸದರ ಸಂಬಳ ಏರಿದರೆ ಅದು ಮುಂದಿನ ಚುನಾವಣೆ ಆದ ಮೇಲಷ್ಟೇ ಜಾರಿಗೆ ಬರಬೇಕು ಅನ್ನುವುದು ಅದರ ತಿರುಳು. 1982ರಲ್ಲಿ ಟೆಕ್ಸಾಸ್‌ನ ಒಬ್ಬ ವಿದ್ಯಾರ್ಥಿ ಇದು ಇನ್ನೂ ಜೀವಂತವಾಗಿದೆ ಅಂತ ಪ್ರಬಂಧ ಬರೆದ. ಅದಕ್ಕೆ ಸಿಕ್ಕಿದ್ದು 'ಸಿ' ಗ್ರೇಡ್. ಹುಡುಗ ಬಿಡಲಿಲ್ಲ. ರಾಜ್ಯ ರಾಜ್ಯಕ್ಕೆ ಪತ್ರ ಬರೆದ. 1992ರಲ್ಲಿ ಅದು 27ನೇ ತಿದ್ದುಪಡಿಯಾಯಿತು.

ಒಟ್ಟು 27 ತಿದ್ದುಪಡಿ ಮಾತ್ರವಾ?

ಅಷ್ಟೇ. ಕಾಂಗ್ರೆಸ್‌ನಲ್ಲಿ ಮಂಡನೆಯಾದ ಪ್ರಸ್ತಾವಗಳು 11,000ಕ್ಕಿಂತ ಜಾಸ್ತಿ. ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಎರಡೂ ಪಕ್ಷಗಳು ಒಪ್ಪದೆ ಇದು ಆಗದ ಮಾತು.

ಕಾನೂನು ರದ್ದು ಮಾಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಸಂವಿಧಾನದಲ್ಲಿ ಎಲ್ಲಿದೆ?

ನೇರವಾಗಿ ಎಲ್ಲೂ ಬರೆದಿಲ್ಲ. 1803ರಲ್ಲಿ ಕೋರ್ಟು ತಾನೇ ಹೇಳಿಕೊಂಡಿತು. ಅಧ್ಯಕ್ಷ ಆಡಮ್ಸ್ ಹುದ್ದೆ ಬಿಡುವ ಹೊತ್ತಲ್ಲಿ ತಮ್ಮವರನ್ನು ಸಾಲಾಗಿ ನ್ಯಾಯಾಧೀಶರಾಗಿ ನೇಮಿಸಿದರು. ವಿಲಿಯಂ ಮಾರ್ಬರಿ ಅನ್ನುವವರ ನೇಮಕಪತ್ರ ಸಮಯಕ್ಕೆ ತಲುಪಲಿಲ್ಲ. ಹೊಸ ಸರ್ಕಾರದ ಮಂತ್ರಿ ಮ್ಯಾಡಿಸನ್ ಕೊಡಲಿಲ್ಲ. ಮಾರ್ಬರಿ ಸೀದಾ ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್. ಆ ಪತ್ರ ತಲುಪಿಸದೆ ಬಿಟ್ಟ ಹಿಂದಿನ ಮಂತ್ರಿಯೂ ಇದೇ ಮಾರ್ಷಲ್! ಪತ್ರ ಕೊಡಿ ಅಂದರೆ ಸರ್ಕಾರ ಕೇಳುವುದಿಲ್ಲ, ಕೋರ್ಟಿನ ಮರ್ಯಾದೆ ಹೋಗುತ್ತದೆ. ಬೇಡ ಅಂದರೆ ಹೆದರಿದ ಹಾಗೆ. ಅವರು ಕೊಟ್ಟ ತೀರ್ಪು ಹೀಗಿತ್ತು: ಮಾರ್ಬರಿಗೆ ಹಕ್ಕಿದೆ, ಆದರೆ ನಮ್ಮ ಬಳಿ ನೇರವಾಗಿ ಬರಲು ಅವಕಾಶ ಕೊಟ್ಟ ಕಾನೂನೇ ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ಅದು ನಡೆಯುವುದಿಲ್ಲ. ಸಣ್ಣದನ್ನು ಸೋತು ದೊಡ್ಡದನ್ನು ಗೆದ್ದುಕೊಂಡರು. ನ್ಯಾಯಮೂರ್ತಿಗಳ ಸಂಖ್ಯೆಯೂ ಸಂವಿಧಾನದಲ್ಲಿಲ್ಲ. ಮೊದಲು ಆರು ಇದ್ದದ್ದು, 1869ರಿಂದ ಒಂಬತ್ತು. ಅದು ಕಾಂಗ್ರೆಸ್‌ನ ಕಾನೂನು.

ನಮ್ಮ ಮಗ ಎಚ್-1ಬಿ ವೀಸಾದಲ್ಲಿದ್ದಾನೆ. ಅವನಿಗೆ ಈ ಹಕ್ಕುಗಳು ಇವೆಯಾ?

ಬಹುಪಾಲು ಇವೆ. 14ನೇ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯನ್ನು ಕೊಡುವುದು ನಾಗರಿಕರಿಗೆ ಮಾತ್ರವಲ್ಲ, ಪ್ರತಿ ವ್ಯಕ್ತಿಗೆ. ಇದನ್ನು ಗಟ್ಟಿ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಚೀನೀ ದೋಬಿಯ ಮೊಕದ್ದಮೆ. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕು ಅಂತ ನಗರ ನಿಯಮ ಮಾಡಿತು. ಅರ್ಜಿ ಹಾಕಿದ ಸುಮಾರು 200 ಚೀನೀಯರಿಗೆ ಸಿಗಲಿಲ್ಲ. ಬೇರೆಯವರ ಸುಮಾರು 80 ಅರ್ಜಿಗಳಲ್ಲಿ ಒಂದು ಬಿಟ್ಟು ಎಲ್ಲಕ್ಕೂ ಸಿಕ್ಕಿತು. ನಿಯಮದ ಬರಹದಲ್ಲಿ ಭೇದವಿಲ್ಲದಿದ್ದರೂ ಜಾರಿಯಲ್ಲಿದೆ, ಇದು ನಡೆಯದು ಅಂತ 1886ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಿಕ್ ವೋ ಪ್ರಕರಣ ಅಂತ ಹೆಸರು. ಮತದಾನ, ಕೆಲವು ಸರ್ಕಾರಿ ಹುದ್ದೆಗಳು ಮಾತ್ರ ನಾಗರಿಕರಿಗೇ ಮೀಸಲು. ವೀಸಾ ಕೊಡುವ, ಹಿಂತೆಗೆಯುವ ವಿಷಯದಲ್ಲಿ ಸರ್ಕಾರದ ಕೈ ಉದ್ದ ಅನ್ನುವುದೂ ನೆನಪಿರಲಿ.

ಅಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಸಿಗುವುದೂ ಇದೇ 14ನೇ ತಿದ್ದುಪಡಿಯಿಂದ. ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ನಾಗರಿಕನೇ ಅಂತ 1898ರಲ್ಲಿ ತೀರ್ಪಾಯಿತು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದು ಬೇಡ ಅಂತ 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು, ಅದು ಕೂಡಲೇ ಕೋರ್ಟ್ ಮೆಟ್ಟಿಲೇರಿತು.

ನಮ್ಮ ಸಂವಿಧಾನ ಅದರಿಂದ ಏನು ತೆಗೆದುಕೊಂಡಿತು?

ಮೂಲಭೂತ ಹಕ್ಕುಗಳ ಅಧ್ಯಾಯ, ಕೋರ್ಟಿನ ಪರಾಮರ್ಶೆ ಅಧಿಕಾರ, ಪೀಠಿಕೆಯ ಮೊದಲ ಮಾತು. ತೆಗೆದುಕೊಳ್ಳದೆ ಬಿಟ್ಟದ್ದರ ಕಥೆ ಇನ್ನೂ ಚೆನ್ನಾಗಿದೆ. ಅದರಲ್ಲಿ ನಮ್ಮ ಮಂಗಳೂರಿನವರೊಬ್ಬರಿದ್ದಾರೆ.

ಬೆನೆಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧ ಮಾಡಿದವರು ಅವರು. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ತಜ್ಞರನ್ನು ಕಂಡರು. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಗೆ ಅಮೆರಿಕದ 5 ಮತ್ತು 14ನೇ ತಿದ್ದುಪಡಿಗಳಲ್ಲಿ 'ಡ್ಯೂ ಪ್ರೊಸೆಸ್' ಅನ್ನುವ ಮಾತಿದೆ. ನ್ಯಾಯವಾದ ಕ್ರಮ ಪಾಲಿಸದೆ ಸರ್ಕಾರ ಇವನ್ನು ಕಿತ್ತುಕೊಳ್ಳುವಂತಿಲ್ಲ ಅಂತ ಅರ್ಥ. ನಮ್ಮ ಕರಡಿನಲ್ಲೂ ಅದು ಬಂದಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಇದು ಬೇಡ ಅಂತ ರಾಯರಿಗೆ ಹೇಳಿದರು. ಇದನ್ನು ಹಿಡಿದು ಬೆರಳೆಣಿಕೆಯ ನ್ಯಾಯಾಧೀಶರು ಜನ ಆರಿಸಿದ ಸಭೆಯ ಕಾನೂನನ್ನೇ ತಡೆಯುತ್ತಾರೆ, ಕೋರ್ಟಿಗೂ ಹೊರೆ ಅನ್ನುವುದು ಅವರ ಅನುಭವ. ಕಾರ್ಮಿಕರ ಪರವಾದ ಕಾನೂನುಗಳನ್ನು ಅಲ್ಲಿನ ಕೋರ್ಟು ಇದೇ ನೆಪದಲ್ಲಿ ಹೊಡೆದುಹಾಕಿದ್ದನ್ನು ಅವರು ಕಂಡಿದ್ದರು. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ನಿಂತದ್ದು 'ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ' ಅನ್ನುವ ಬಿಗಿ ಮಾತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಆ ಪ್ರಕ್ರಿಯೆ ನ್ಯಾಯಯುತವಾಗಿರಲೇಬೇಕು ಅಂದಿತು. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿನಿಂದ ಒಳಗೆ ಬಂತು.

ಮೂಲ ಪ್ರತಿಯಲ್ಲಿ ತಪ್ಪುಗಳಿವೆಯಂತೆ, ನಿಜವಾ?

ನಿಜ. ಅದನ್ನು ಚಂದದ ಅಕ್ಷರದಲ್ಲಿ ಬರೆದುಕೊಟ್ಟವರು ಜೇಕಬ್ ಶಾಲಸ್ ಅನ್ನುವ ಗುಮಾಸ್ತರು. ನಾಲ್ಕು ದೊಡ್ಡ ಚರ್ಮದ ಹಾಳೆ, ಸಂಭಾವನೆ 30 ಡಾಲರ್. ಸಹಿ ಹಾಕುವ ದಿನವೇ ಒಂದು ತಿದ್ದುಪಡಿ ಬಂತು. 40,000 ಜನಕ್ಕೊಬ್ಬ ಪ್ರತಿನಿಧಿ ಅಂತ ಇದ್ದದ್ದನ್ನು 30,000ಕ್ಕೆ ಇಳಿಸಬೇಕು ಅಂತ. ಬೇಸಿಗೆಯಿಡೀ ಚರ್ಚೆಯಲ್ಲಿ ಬಾಯಿ ಬಿಡದಿದ್ದ ವಾಷಿಂಗ್ಟನ್ ಎದ್ದು ಇದನ್ನು ಬೆಂಬಲಿಸಿದರು. ಹಳೆಯ ಅಕ್ಷರ ಹೆರೆದು ಅದೇ ಜಾಗದಲ್ಲಿ ಹೊಸದು ಬರೆದರು. ಕೊನೆಯ ಹಾಳೆಯಲ್ಲಿ, ಸಹಿಗಳ ಎಡಕ್ಕೆ, ಎಷ್ಟನೇ ಸಾಲಿನಲ್ಲಿ ಏನು ತಿದ್ದಿದೆ ಅಂತ ಸಣ್ಣ ಪಟ್ಟಿಯೇ ಇದೆ. ನಮ್ಮ ನೋಂದಣಿ ಪತ್ರಗಳಲ್ಲಿ ಹೊಡೆದುಹಾಕಿದ ಪದಗಳ ಲೆಕ್ಕ ಬರೆಯುತ್ತಾರಲ್ಲ, ಥೇಟ್ ಹಾಗೆ. ಸಹಿಗಳ ಪಕ್ಕ ರಾಜ್ಯಗಳ ಹೆಸರು ಬರೆದ ಹ್ಯಾಮಿಲ್ಟನ್ ಪೆನ್ಸಿಲ್ವೇನಿಯಾದ ಹೆಸರಲ್ಲಿ ಒಂದು ಅಕ್ಷರ ನುಂಗಿದ್ದಾರೆ. ವಾಷಿಂಗ್ಟನ್ ನಗರದ ರಾಷ್ಟ್ರೀಯ ದಾಖಲೆಗಳ ಭವನದಲ್ಲಿ ನಾಲ್ಕೂ ಹಾಳೆ ನೋಡಲು ಸಿಗುತ್ತವೆ. ಮಕ್ಕಳ ಮನೆಗೆ ಹೋದವರು ಒಂದು ಗಂಟೆ ಬಿಡುವು ಮಾಡಿಕೊಳ್ಳಿ.

ಅಮ್ಮನಿಗೆ ಪೌರತ್ವ ಪರೀಕ್ಷೆ ಇದೆ. ಇಂಗ್ಲಿಷ್ ಬರುವುದಿಲ್ಲ. ಏನು ಮಾಡುವುದು?

ಗ್ರೀನ್ ಕಾರ್ಡ್ ಪಡೆದು ಅಲ್ಲಿ 20 ವರ್ಷ ಕಳೆದ 50 ದಾಟಿದವರಿಗೆ, ಅಥವಾ 15 ವರ್ಷ ಕಳೆದ 55 ದಾಟಿದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಸಂವಿಧಾನ ಮತ್ತು ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯನ್ನು ಇಟ್ಟುಕೊಂಡು ಕನ್ನಡದಲ್ಲೇ ಉತ್ತರಿಸಬಹುದು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಾದರೆ ಪಾಸು. 65 ದಾಟಿ, ಗ್ರೀನ್ ಕಾರ್ಡ್‌ನಲ್ಲಿ 20 ವರ್ಷ ಆದವರಿಗೆ ಇನ್ನೂ ಸಣ್ಣ ಪಟ್ಟಿ ಇದೆ. ಅರ್ಜಿ ಹಾಕುವ ಮೊದಲು ವಲಸೆ ಇಲಾಖೆಯ ಜಾಲತಾಣದಲ್ಲಿ ಆಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಮೇಲಿನ ಉತ್ತರಗಳನ್ನು ಅಮ್ಮನಿಗೆ ಕಥೆಯ ಹಾಗೆ ಓದಿ ಹೇಳಿ. ಸೆನೆಟ್‌ನಲ್ಲಿ ಎಷ್ಟು ಜನ, ಅಧ್ಯಕ್ಷರ ಅವಧಿ ಎಷ್ಟು ಅನ್ನುವಂಥ ಅಂಕಿಗಳನ್ನು ಮಾತ್ರ ಬಾಯಿಪಾಠ ಮಾಡಿಸಿ: 100, ನಾಲ್ಕು ವರ್ಷ.